ದಾಖಲೆ ಎರಡು

ನಾನು ದುರ್ಗದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತೇನೆ. ಹದಿನೆಂಟು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ನನ್ನ ಹೆಸರು ಸರ್ಕಾರದ ಕಾಗದದ ಮೇಲೆ ಆವಿಷ್ಕಾರ ಮಾಡಿದವಳೆಂದು ಅಚ್ಚಾದದ್ದು ಒಂದೇ ಸಲ. ಅದರ ಕೆಳಗೆ ಇನ್ನೊಬ್ಬರ ಹೆಸರೂ ಇತ್ತು. ಅವರು ಪೇಟೆಯಲ್ಲಿ ರೇಡಿಯೋ, ಟೀವಿ, ಮೊಬೈಲು ರಿಪೇರಿ ಮಾಡುತ್ತಿದ್ದವರು. ನಾನು ಅವರನ್ನು ಭಾಯಿ ಎನ್ನುತ್ತಿದ್ದೆ. ಅವರ ತಾತ ಲಾಟೀನು ಮಾಡುತ್ತಿದ್ದರಂತೆ, ತಂದೆ ವಾಲ್ವ್ ರೇಡಿಯೋ ನೋಡುತ್ತಿದ್ದರಂತೆ. ಭಾಯಿ ಎಸ್ಸೆಸ್ಸೆಲ್ಸಿಯಲ್ಲಿ ಎರಡು ವಿಷಯ ಫೇಲಾಗಿ ಅಂಗಡಿಯಲ್ಲಿ ಕೂತವರು ಐವತ್ತೇಳು ವರ್ಷ ವಯಸ್ಸಾದರೂ ಅಲ್ಲೇ ಇದ್ದರು.

ಕಾಲೇಜಿನ ಲ್ಯಾಬಿನಲ್ಲಿ ಏನು ಕೆಟ್ಟರೂ ನಾವು ಮೊದಲು ಕಂಪನಿಗೆ ಪತ್ರ ಬರೆಯುತ್ತಿದ್ದೆವು, ಆಮೇಲೆ ಭಾಯಿಯ ಅಂಗಡಿಗೆ ಹೋಗುತ್ತಿದ್ದೆವು. ಕೆಲಸವಾಗುತ್ತಿದ್ದದ್ದು ಎರಡನೆಯದರಿಂದ.

ಒಂದು ಬೇಸಿಗೆಯಲ್ಲಿ ಮಾರಿಕಣಿವೆ ನಾಲೆಯ ಕೆಳಗೆ ತೆಂಗಿನ ತೋಟ ಮಾಡಿದ್ದ ಒಬ್ಬರು ನಮ್ಮ ವಿಭಾಗಕ್ಕೆ ಬಂದರು. ಅವರ ಕೈಯಲ್ಲಿ ಒಂದು ಚೀಲ, ಚೀಲದೊಳಗೆ ಊಟದ ಡಬ್ಬಿಯಷ್ಟು ದೊಡ್ಡ ಎರಡು ಪೆಟ್ಟಿಗೆ. ತೋಟದ ತೊಟ್ಟಿಗಳಲ್ಲಿ ನೀರೆಷ್ಟಿದೆ, ಮಣ್ಣಿನಲ್ಲಿ ತೇವ ಎಷ್ಟಿದೆ ಎಂದು ಅಳೆದು ರೇಡಿಯೋ ಮೂಲಕ ಮನೆಗೆ ತಿಳಿಸುವ ಪೆಟ್ಟಿಗೆಗಳು ಅವು. ಮನೆಯಿಂದ ಕೇಳಿದಾಗ ಉತ್ತರ ಕೊಡಬೇಕು, ಅದಕ್ಕಾಗಿ ಸದಾ ಕಿವಿಗೊಟ್ಟಿರಬೇಕು. ತೆಂಗಿನ ಗರಿ ಅಲ್ಲಾಡಿದರೆ ಸಾಕು, ಸಿಗ್ನಲ್ ಒಮ್ಮೆ ಬರುತ್ತದೆ ಒಮ್ಮೆ ಹೋಗುತ್ತದೆ. ಅದಕ್ಕೇ ಪೆಟ್ಟಿಗೆಗಳನ್ನು ಮರದ ಮೇಲೆ ಕಟ್ಟಿ, ಪ್ರತಿಯೊಂದಕ್ಕೂ ಎರಡೆರಡು ಆಂಟೆನಾ ಇಟ್ಟಿದ್ದರು. ಒಂದಕ್ಕೆ ಕೇಳದ್ದು ಇನ್ನೊಂದಕ್ಕೆ ಕೇಳುತ್ತದೆ. ಆದರೆ ಎರಡೂ ಹಗಲೂ ರಾತ್ರಿ ಎಚ್ಚರವಾಗಿದ್ದರೆ ಬ್ಯಾಟರಿ ಎಷ್ಟು ದಿನ ಬಂದೀತು?

“ಎರಡು ವಾರಕ್ಕೇ ಸತ್ತೋಗ್ತಾವೆ ಮೇಡಂ. ತಿಂಗ್ಳಾಗೆ ಎರಡು ಸಲ ಮರ ಹತ್ತಿ ಬ್ಯಾಟ್ರಿ ಬದ್ಲಿಸ್ಬೇಕು. ಅದ್ರ ಬದ್ಲು ನಾನೇ ಹೋಗಿ ತೊಟ್ಟಿ ನೋಡ್ಕಂಡು ಬರಬೌದಲ್ಲ,” ಎಂದರು ಅವರು.

ನಾನು ಪುಸ್ತಕಗಳಲ್ಲಿ ಇದ್ದದ್ದನ್ನೆಲ್ಲ ಮಾಡಿ ನೋಡಿದೆ. ಸಿಗ್ನಲ್ ಚೆನ್ನಾಗಿದ್ದಾಗ ಒಂದು ಆಂಟೆನಾ ಮಲಗಿಸು, ಕೆಟ್ಟಾಗ ಎಬ್ಬಿಸು ಎನ್ನುವುದು ಎಲ್ಲರಿಗೂ ಗೊತ್ತಿರುವ ದಾರಿ. ಆದರೆ ತೋಟದಲ್ಲಿ ಗಾಳಿ ಬೀಸಿದರೆ ಸಿಗ್ನಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಗುತ್ತದೆ. ಹಿಂದಿನ ಸಂದೇಶ ನೋಡಿ ಮುಂದಿನದಕ್ಕೆ ತೀರ್ಮಾನ ಮಾಡಿದರೆ ತಪ್ಪುತ್ತಿತ್ತು. ಎರಡು ತಿಂಗಳು ಒದ್ದಾಡಿ ಕೊನೆಗೆ ಪೆಟ್ಟಿಗೆಗಳನ್ನು ಭಾಯಿಯ ಅಂಗಡಿಗೆ ತೆಗೆದುಕೊಂಡು ಹೋದೆ. ಸರ್ಕೀಟಿನಲ್ಲಿ ಎಲ್ಲೋ ಸೋರಿಕೆ ಇರಬೇಕು, ಅವರು ಹಿಡಿಯುತ್ತಾರೆ ಎಂದುಕೊಂಡಿದ್ದೆ.

ಭಾಯಿ ಸೋರಿಕೆ ಹುಡುಕಲಿಲ್ಲ. ರಿಸೀವರಿನಿಂದ ಒಂದು ತಂತಿ ಎಳೆದು ಸಣ್ಣ ಸ್ಪೀಕರಿಗೆ ಕೊಟ್ಟು ಕೇಳುತ್ತ ಕೂತರು. ಮಧ್ಯಾಹ್ನದ ಬಿಸಿಲು ಶಟರಿನವರೆಗೂ ಬಂದಿತ್ತು. ಪ್ರತಿ ಸಂದೇಶಕ್ಕೂ ‘ಟಿರ್’ ಎಂಬ ಒಂದು ಸದ್ದು, ಅದರ ಹಿಂದೆ ‘ಕರಕರ’ ಎಂಬ ಇನ್ನೊಂದು. ಇಪ್ಪತ್ತು ಮೂವತ್ತು ಸಲ ಕೇಳಿದ ಮೇಲೆ ಅವರು ಅಂದರು.

“ಮೇಡಂ, ಇದು ಮಾತಾಡಾಕೆ ಮುಂಚೆ ಗಂಟ್ಲು ಸರಿ ಮಾಡ್ಕಂತೈತೆ ಕೇಳಿದ್ರಾ?”

ನಿಜ. ಪ್ರತಿ ಸಂದೇಶದ ಮೊದಲಿಗೆ ಅರ್ಥವಿಲ್ಲದ ಒಂದು ತುಣುಕು ಇರುತ್ತದೆ. ಕೇಳುವ ಯಂತ್ರ ತನ್ನನ್ನು ಹೊಂದಿಸಿಕೊಳ್ಳಲಿ ಎಂದು ಅದನ್ನು ಕಳಿಸುತ್ತಾರೆ. ನಾನು ಅದನ್ನು ವರ್ಷ ವರ್ಷವೂ ಪಾಠ ಮಾಡುತ್ತೇನೆ.

“ಆ ಗಂಟ್ಲು ಸರಿ ಮಾಡ್ಕಣೋದು ಒಂದು ಆಂಟೆನಾಗೆ ಸರ್ಯಾಗಿ ಕೇಳಿಸ್ತು ಅಂದ್ರೆ ಇನ್ನೊಂದನ್ನ ಎಬ್ಬಿಸೋದೇ ಬ್ಯಾಡ. ಕೇಳಿಸ್ಲಿಲ್ಲ, ಅರ್ಧಂಬರ್ಧ ಕೇಳಿಸ್ತು ಅಂದ್ರೆ ಆವಾಗ ಎಬ್ಬಿಸ್ರಿ. ಮಾತು ಇನ್ನೂ ಶುರುವಾಗಿರಾದಿಲ್ಲ. ಏನೂ ಕಳ್ಕಳ್ಳಾದಿಲ್ಲ.”

ಇದನ್ನು ಎಲ್ಲಿಯಾದರೂ ಓದಿದ್ದೇನೆಯೇ ಎಂದು ನೆನಪು ಮಾಡಿಕೊಂಡೆ. ಓದಿರಲಿಲ್ಲ.

“ಅಷ್ಟರೊಳಗೆ ಎರಡನೆಯದು ಏಳುತ್ತದಾ ಭಾಯಿ?”

“ಅದು ನಿಮ್ ಕೆಲ್ಸ ಮೇಡಂ. ನಂಗೆ ಲೆಕ್ಕ ಬರಾದಿಲ್ಲ.”

ಲೆಕ್ಕ ನಾನು ಮಾಡಿದೆ. ಪ್ರೋಗ್ರಾಮು ಬರೆದೆ. ಆ ತುಣುಕನ್ನು ತುಸು ಉದ್ದ ಮಾಡಿದರೆ ಎರಡನೆಯ ಆಂಟೆನಾ ಏಳಲು ಸಮಯ ಸಾಲುತ್ತಿತ್ತು. ಇಬ್ಬರೂ ಸೇರಿ ಮದಕರಿಪುರದ ಹೊಲಗಳಲ್ಲಿ ಪರೀಕ್ಷೆ ಮಾಡಿದೆವು. ಭಾಯಿ ಒಂದು ಪೆಟ್ಟಿಗೆ ಹಿಡಿದು ಬಂಡೆಗಳ ಹಿಂದೆ ಹೋಗುತ್ತಿದ್ದರು, ನಾನು ಇನ್ನೊಂದರ ಎದುರು ಕೂತು ಬರೆದುಕೊಳ್ಳುತ್ತಿದ್ದೆ. ಮುಂದಿನ ಬೇಸಿಗೆಯ ತನಕ ಮಾರಿಕಣಿವೆಯ ತೋಟದವರು ಬ್ಯಾಟರಿಗಾಗಿ ಮರ ಹತ್ತಲಿಲ್ಲ. ನನ್ನ ಬದುಕಿನಲ್ಲಿ ಕೆಲಸವೊಂದು ಹೀಗೆ ಕೈಗೂಡಿದ್ದು ಅದೇ ಮೊದಲು.

ಇನ್ನು ಮುಂದಿನದು ನಾನು ಮಾಡಿದ್ದು.

ಆ ವರ್ಷ ಕಾಲೇಜಿನಲ್ಲಿ ಬಡ್ತಿಯ ಪಟ್ಟಿ ತಯಾರಾಗುತ್ತಿತ್ತು. ಪ್ರಬಂಧ ಪ್ರಕಟಿಸಿದವರಿಗೆ ಅಂಕ. ಒಬ್ಬರೇ ಬರೆದಿದ್ದರೆ ಪೂರ್ತಿ ಅಂಕ, ಇಬ್ಬರಿದ್ದರೆ ಹಂಚಿಕೆ. ಹೊಸದುರ್ಗ ನನ್ನ ತವರು. ಅಲ್ಲಿಯ ಕಾಲೇಜೊಂದರಲ್ಲಿ ಎರಡು ದಿನದ ವಿಚಾರ ಸಂಕಿರಣ ಏರ್ಪಾಡಾಗಿತ್ತು. ನಾನು ನಮ್ಮ ವಿಧಾನವನ್ನು ಬರೆದು ಕಳಿಸಿದೆ. ಲೇಖಕರ ಹೆಸರು ತುಂಬುವ ಜಾಗದಲ್ಲಿ ನನ್ನ ಹೆಸರಿನ ಕೆಳಗೆ ಭಾಯಿಯ ಹೆಸರನ್ನೂ ಟೈಪು ಮಾಡಿದೆ. ಅದರ ಮುಂದೆ ‘ವಿದ್ಯಾರ್ಹತೆ’ ಎಂಬ ಖಾನೆ ಇತ್ತು. ಅದನ್ನು ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುತ್ತಿರಲಿಲ್ಲ. ಏನು ತುಂಬಲಿ ಎಂದು ಯೋಚಿಸಿದೆ. ಆಮೇಲೆ ಹೆಸರನ್ನೇ ಅಳಿಸಿದೆ. ಖಾನೆಯಿಂದಾಗಿ ಅಳಿಸಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಎಸ್ಸೆಸ್ಸೆಲ್ಸಿವರೆಗೆ ಎಂದು ತುಂಬಬಹುದಿತ್ತು. ಯಾರೂ ತಡೆಯುತ್ತಿರಲಿಲ್ಲ.

ಪ್ರಬಂಧದ ಕೊನೆಗೆ ಇಂಗ್ಲಿಷಿನಲ್ಲಿ ಒಂದು ಸಾಲು ಸೇರಿಸಿದೆ. ಪರೀಕ್ಷೆಗಳಲ್ಲಿ ನೆರವಾದ ಸ್ಥಳೀಯ ತಂತ್ರಜ್ಞರೊಬ್ಬರಿಗೆ ಲೇಖಕಿ ಋಣಿ, ಎಂದು.

ಹೊಸದುರ್ಗದಲ್ಲಿ ಹದಿನೈದು ನಿಮಿಷ ಓದಿದೆ. ಕೇಳಿದವರು ಹತ್ತಿಪ್ಪತ್ತು ಜನ ಇರಬಹುದು. ಮಧ್ಯಾಹ್ನ ಊಟಕ್ಕೆ ಹೋಳಿಗೆ ಇತ್ತು. ಪ್ರಬಂಧಗಳನ್ನೆಲ್ಲ ಒಟ್ಟು ಮಾಡಿ ಆ ಕಾಲೇಜಿನವರು ತಮ್ಮ ವೆಬ್‌ಸೈಟಿನಲ್ಲಿ ಹಾಕಿದರು. ಭಾಯಿಗೆ ಈ ವಿಷಯ ಹೇಳಲಿಲ್ಲ. ಅದನ್ನು ಯಾರು ಓದುತ್ತಾರೆ ಎಂದುಕೊಂಡೆ.

ಒಂದು ವರ್ಷ ದಾಟಿದ ಮೇಲೆ ನಮ್ಮ ಪ್ರಿನ್ಸಿಪಾಲರು ಎಲ್ಲ ವಿಭಾಗಗಳಿಗೂ ಒಂದು ಸುತ್ತೋಲೆ ಕಳಿಸಿದರು. ಪೇಟೆಂಟಿಗೆ ಅರ್ಜಿ ಹಾಕಬಹುದಾದ ಕೆಲಸ ಯಾರ ಬಳಿಯಾದರೂ ಇದ್ದರೆ ತಿಳಿಸಿ ಎಂದು. ನಾನು ತಿಳಿಸಿದೆ. ಬೆಂಗಳೂರಿನ ಒಬ್ಬ ಪೇಟೆಂಟ್ ಏಜೆಂಟರನ್ನು ಗೊತ್ತು ಮಾಡಿದರು. ಫೋನಿನಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ, “ಇದು ಮೊದಲು ಹೊಳೆದದ್ದು ಯಾರಿಗೆ?”

ನಾನು ಭಾಯಿಯ ಹೆಸರು ಹೇಳಿದೆ. ಹೇಳಿದಾಗ ಹಗುರವಾಯಿತು. ಪ್ರಬಂಧದಲ್ಲಿ ಮಾಡಿದ್ದು ಇದರಿಂದ ತೊಳೆದುಹೋಯಿತು ಎನ್ನಿಸಿತು. ಅವರ ಎರಡನೆಯ ಪ್ರಶ್ನೆ, ಇದನ್ನು ಎಲ್ಲಿಯಾದರೂ ಪ್ರಕಟಿಸಿದ್ದೀರಾ ಎಂಬುದು. ಇಲ್ಲ ಎಂದೆ. ಪ್ರಕಟಣೆ ಎಂದರೆ ಅಂತರರಾಷ್ಟ್ರೀಯ ಪತ್ರಿಕೆ ಎಂದು ನಾನು ತಿಳಿದಿದ್ದೆ ಎಂದು ಆಮೇಲೆ ಅವರಿಗೆ ವಿವರಿಸಿದೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಅರ್ಜಿಗೆ ಸಹಿ ಹಾಕಿಸಲು ಅಂಗಡಿಗೆ ಹೋದ ದಿನ ಭಾಯಿ ಕೈ ತೊಳೆದುಕೊಂಡು ಬಂದರು. ತಮ್ಮ ಹೆಸರು ಎಲ್ಲಿದೆ ತೋರಿಸಿ ಎಂದರು. ತೋರಿಸಿದೆ. ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ಓದಿದರು.

“ಆವಿಷ್ಕಾರಕ ಅಂದ್ರೆ ಕಂಡುಹಿಡಿದೋರು ಅಂತ ತಾನೆ?”

“ಹೌದು ಭಾಯಿ.”

“ಮಗಳಿಗೆ ಒಂದು ಜೆರಾಕ್ಸ್ ಕೊಡಾಣ ಮೇಡಂ. ಅವಳಿಗೆ ಇದೆಲ್ಲ ತಿಳಿತೈತೆ.”

ಅವರ ಮಗಳು ಹೊಳಲ್ಕೆರೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದಳು. ಎಂ.ಎಸ್ಸಿ. ಮಾಡಿದವಳು. ಮದುವೆಯಾಗಿ ಅಲ್ಲೇ ಇದ್ದಳು. ಅರ್ಜಿ ಸಲ್ಲಿಸಿ ನಂಬರು ಬಿದ್ದ ಮೇಲೆ ಜೆರಾಕ್ಸ್ ಕೊಟ್ಟೆವು. ಇನ್ನೊಂದು ಪ್ರತಿಗೆ ಭಾಯಿ ಪ್ಲಾಸ್ಟಿಕ್ ಹಾಕಿಸಿ ಅಂಗಡಿಯ ಗೋಡೆಗೆ ಹೊಡೆದರು. ಬಂದ ಗಿರಾಕಿಗಳಿಗೆ ತಾವಾಗಿ ಏನೂ ಹೇಳುತ್ತಿರಲಿಲ್ಲ, ಆದರೆ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದರು. ಒಬ್ಬರು ಅದನ್ನು ಲೈಸೆನ್ಸ್ ಎಂದುಕೊಂಡು, “ಇಷ್ಟು ದಿನ ಲೈಸೆನ್ಸಿಲ್ದೆ ನಡೆಸ್ತಿದ್ರಾ ಭಾಯಿ?” ಎಂದು ಕೇಳಿದ್ದನ್ನು ಅವರೇ ನನಗೆ ನಗುತ್ತ ಹೇಳಿದರು.

ಪೇಟೆಂಟ್ ಕಚೇರಿಯಿಂದ ಪರೀಕ್ಷಾ ವರದಿ ಬರುವ ಹೊತ್ತಿಗೆ ಎರಡು ವರ್ಷವಾಗಿತ್ತು. ನಾನು ಆಂತರಿಕ ಪರೀಕ್ಷೆಯ ಮೇಲ್ವಿಚಾರಣೆಗೆ ನಿಂತಿದ್ದೆ. ಏಜೆಂಟರು ಮೂರು ಸಲ ಫೋನು ಮಾಡಿದ್ದರು. ಹೊರಗೆ ಬಂದು ತೆಗೆದುಕೊಂಡೆ.

“ಎರಡು ದಾಖಲೆಗಳನ್ನ ನಮ್ಮ ವಿರುದ್ಧ ಎತ್ತಿದ್ದಾರೆ ಮೇಡಂ. ಮೊದಲನೇದು ಒಂದು ವಿದೇಶಿ ಕಂಪನೀದು, ಮೊಬೈಲ್ ಫೋನಿನಲ್ಲಿ ಆಂಟೆನಾ ಆರಿಸೋ ವಿಧಾನ. ಅದಕ್ಕೆ ಉತ್ತರ ಕೊಡಬಹುದು. ಅವರು ಹಿಂದಿನ ಸಂದೇಶ ನೋಡಿ ತೀರ್ಮಾನ ಮಾಡ್ತಾರೆ, ನಾವು ಅದೇ ಸಂದೇಶದ ತಲೆ ನೋಡಿ ಮಾಡ್ತೀವಿ. ಎರಡನೇದೇ ಕಷ್ಟ.”

“ಏನದು?”

“ನಿಮ್ಮದೇ ಪ್ರಬಂಧ. ಹೊಸದುರ್ಗದಲ್ಲಿ ಓದಿದ್ದು.”

ಅವರು ಬೈಯಲಿಲ್ಲ. ನಿಧಾನವಾಗಿ ತಿಳಿಸಿ ಹೇಳಿದರು. ಪೇಟೆಂಟ್ ಕೇಳುವ ದಿನದವರೆಗೂ ವಿಷಯ ಲೋಕಕ್ಕೆ ಹೊಸದಾಗಿರಬೇಕು. ಸ್ವತಃ ಕಂಡುಹಿಡಿದವರೇ ಹೊರಗೆ ಹೇಳಿಬಿಟ್ಟಿದ್ದರೂ ಅದು ಹೊಸದಲ್ಲ. ಸಣ್ಣಪುಟ್ಟ ವಿನಾಯಿತಿಗಳಿವೆ, ಅವಕ್ಕೂ ನಮಗೆ ಗಡುವು ಮೀರಿದೆ. ಪರೀಕ್ಷಕರು ಆ ಪ್ರಬಂಧದ ಪ್ಯಾರಾಗಳನ್ನು ಒಂದೊಂದಾಗಿ ನಮ್ಮ ಅರ್ಜಿಯ ಹಂತಗಳ ಎದುರು ಇಟ್ಟು ತೋರಿಸಿದ್ದರು. ಒಂದು ಹಂತವೂ ಬಿಟ್ಟಿರಲಿಲ್ಲ. ನಾನು ಅಷ್ಟು ಚೆನ್ನಾಗಿ ಬರೆದಿದ್ದೆ.

“ಬೇರೆ ದಾರಿಯೇ ಇಲ್ಲವೇ?”

ಅವರು ತಡೆದು ಹೇಳಿದರು. “ಒಂದಿದೆ. ನಿಜವಾಗಿ ಕಂಡುಹಿಡಿದವರು ಅವರೊಬ್ಬರೇ, ನೀವು ಅವರಿಂದ ತಿಳಿದುಕೊಂಡು ಅವರ ಒಪ್ಪಿಗೆ ಇಲ್ಲದೆ ಪ್ರಕಟಿಸಿದಿರಿ ಅಂತ ಸಾಬೀತಾದರೆ ಆ ಪ್ರಬಂಧವನ್ನ ಅವರ ವಿರುದ್ಧ ಲೆಕ್ಕಕ್ಕೆ ತಗೊಳ್ಳಲ್ಲ. ಇಬ್ಬರೂ ಅಫಿಡವಿಟ್ ಕೊಡಬೇಕಾಗುತ್ತೆ. ನಿಮ್ಮ ಹೆಸರು ಅರ್ಜಿಯಿಂದ ಹೋಗುತ್ತೆ. ದಾರಿ ಬಹಳ ಇಕ್ಕಟ್ಟು, ಆದರೂ ಇದೆ. ಯೋಚನೆ ಮಾಡಿ ಹೇಳಿ.”

ನಾನು ಯೋಚನೆ ಮಾಡುತ್ತಲೇ ಇದ್ದೆ. ಅಫಿಡವಿಟ್ ಎಂದರೆ ಎಲ್ಲರೂ ಓದಬಹುದಾದ ಕಾಗದ. ಕಾಲೇಜಿನವರು ನೋಡುತ್ತಾರೆ. ಸಹೋದ್ಯೋಗಿಗಳು ನೋಡುತ್ತಾರೆ. ಉತ್ತರಕ್ಕೆ ಇದ್ದ ಗಡುವಿನಲ್ಲಿ ಏಜೆಂಟರು ತಮಗೆ ತೋಚಿದ ವಾದ ಬರೆದು ಕಳಿಸಿದರು. ಅಫಿಡವಿಟ್ಟಿನ ಮಾತನ್ನು ನಾನು ಎತ್ತಲಿಲ್ಲ, ಅವರೂ ಮತ್ತೆ ಕೇಳಲಿಲ್ಲ. ಭಾಯಿಗೆ, “ಯಾವುದೋ ಹಳೇ ಪೇಪರ್ ಅಡ್ಡ ಬಂದಿದೆ, ಉತ್ತರ ಕೊಟ್ಟಿದ್ದೇವೆ,” ಎಂದಷ್ಟೇ ಹೇಳಿದೆ.

“ಯಾರ್ದು ಪೇಪರ್ರು?” ಎಂದು ಅವರು ಕೇಳಿದರು. ಅಷ್ಟರಲ್ಲಿ ಒಬ್ಬ ಗಿರಾಕಿ ಮಿಕ್ಸಿ ತಂದಿಟ್ಟರು. ನಾನು ಉತ್ತರ ಕೊಡದೆ ಬಂದೆ.

ಪರೀಕ್ಷಾ ವರದಿಗಳು ಗುಟ್ಟಲ್ಲ. ಅರ್ಜಿಯ ನಂಬರು ಹಾಕಿದರೆ ಯಾರಿಗಾದರೂ ಸಿಗುತ್ತವೆ. ಭಾಯಿಯ ಮಗಳ ಬಳಿ ಜೆರಾಕ್ಸ್ ಇತ್ತು, ಅದರ ಮೇಲೆ ನಂಬರು ಇತ್ತು. ಕೊನೆಯ ವಿಚಾರಣೆಗೆ ದಿನ ಗೊತ್ತಾದ ವಾರ ನಾನು ಅಂಗಡಿಗೆ ಹೋದಾಗ ಭಾಯಿ ಮೇಜಿನ ಮೇಲೆ ಎರಡು ಹಾಳೆ ಇಟ್ಟುಕೊಂಡು ಕೂತಿದ್ದರು. ಮಗಳು ವೆಬ್‌ಸೈಟಿನಿಂದ ತೆಗೆದುಕೊಟ್ಟ ನನ್ನ ಪ್ರಬಂಧ; ಹೆಸರಿನ ಜಾಗ ನನಗೆ ದೂರದಿಂದಲೇ ಗುರುತು ಸಿಕ್ಕಿತು.

“ಬರ್ರಿ ಮೇಡಂ, ಕುಂತ್ಕಳ್ರಿ.”

ಕೂತೆ. ಅವರು ಎರಡನೆಯ ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಮಗಳು ಅದರ ಕೆಳಗೆ ಪೆನ್ಸಿಲಿನಲ್ಲಿ ಕನ್ನಡ ಅರ್ಥ ಬರೆದಿದ್ದಳು.

“ಸ್ಥಳೀಯ ತಂತ್ರಜ್ಞ ಅಂದ್ರೆ ನಾನೇನಾ?”

“ಹೌದು ಭಾಯಿ.”

“ಹೆಸರು ಬರಿಯಾಕೆ ಜಾಗ ಇರ್ಲಿಲ್ಲಾ?”

ಅವರು ಚುಚ್ಚಿ ಕೇಳಲಿಲ್ಲ. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಇಂಥ ಕಾಗದಗಳಲ್ಲಿ ಜಾಗ ಕಡಿಮೆ ಇರುತ್ತದೇನೋ ಎಂದು ಕೇಳುತ್ತಿದ್ದರು. ಇರಲಿಲ್ಲ ಎಂದಿದ್ದರೆ ನಂಬುತ್ತಿದ್ದರು.

“ಇತ್ತು,” ಎಂದೆ.

ಅವರು ತಲೆಯಾಡಿಸಿದರು. ಹಾಳೆಗಳನ್ನು ಮಡಿಸಿ ಡ್ರಾಯರಿನಲ್ಲಿ ಇಟ್ಟರು. ಟೀ ತರಿಸಿದರು. ಟೀ ಮುಗಿಯುವ ತನಕ ಇಬ್ಬರೂ ರಸ್ತೆಯನ್ನೇ ನೋಡುತ್ತಿದ್ದೆವು.

ವಿಚಾರಣೆ ವಿಡಿಯೋದಲ್ಲಿ. ಕಾಲೇಜಿನ ಸಣ್ಣ ಸೆಮಿನಾರ್ ಕೋಣೆಯಲ್ಲಿ ಏರ್ಪಾಡು ಮಾಡಿಕೊಂಡಿದ್ದೆ. ಭಾಯಿಯನ್ನು ಕರೆತರಲು ಆಟೋದಲ್ಲಿ ಹೋದೆ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಅಂಗಡಿಯ ಮುಂದೆ ನಿಂತಿದ್ದರು. “ಹೋಗಾಣ,” ಎಂದು ಹತ್ತಿ ಕೂತರು. ದಾರಿಯಲ್ಲಿ ನಾನು ಕೊನೆಗೂ ಬಾಯಿಬಿಟ್ಟೆ. ‘ನನಗೆ ಗೊತ್ತಿಲ್ಲದೆ ಮೇಡಂ ಪ್ರಬಂಧ ಪ್ರಕಟಿಸಿದರು’ ಎಂದು ನೀವು ಹೇಳಿದರೆ, ಹೌದು ಎಂದು ನಾನು ಬರೆದುಕೊಟ್ಟರೆ ಪೇಟೆಂಟ್ ಉಳಿಯಬಹುದು, ನಿಮ್ಮೊಬ್ಬರ ಹೆಸರಿನಲ್ಲಿ, ಎಂದೆ.

ಆಟೋ ಗಾಂಧಿ ಸರ್ಕಲ್ಲಿನಲ್ಲಿ ನಿಂತಿತ್ತು. ಮುಂದೆ ಒಂದು ಬಸ್ಸು ತಿರುಗುತ್ತಿತ್ತು.

“ಹಂಗೆ ಬರೆದ್ರೆ ನಿಮಗೇನಾಗ್ತೈತೆ?”

“ಕಾಲೇಜಿನಲ್ಲಿ ಕೇಳುತ್ತಾರೆ.”

“ಕೆಲ್ಸಕ್ಕೆ ಏನಾರ ತೊಂದ್ರೆ ಐತಾ?”

ನಾನು ಹೇಳಿದೆ, “ಹೋದರೂ ಹೋಗಬಹುದು ಭಾಯಿ.”

ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ನಮ್ಮಲ್ಲಿ ಇದಕ್ಕಿಂತ ದೊಡ್ಡದನ್ನು ಮಾಡಿದವರು ಒಂದು ನೋಟಿಸು, ಒಂದು ವಿವರಣೆ ಪತ್ರದಲ್ಲಿ ಪಾರಾಗಿದ್ದಾರೆ. ಪಟ್ಟಿಯಲ್ಲಿ ಇನ್ನೂ ಬಾಕಿ ಇದ್ದ ಬಡ್ತಿ ನಿಲ್ಲುತ್ತಿತ್ತು. ಸ್ಟಾಫ್ ರೂಮಿನಲ್ಲಿ ಒಂದಷ್ಟು ದಿನ ನಾನು ಒಳಗೆ ಹೋದಾಗ ಮಾತು ನಿಲ್ಲುತ್ತಿತ್ತು. ಅಷ್ಟೇ. ಆದರೂ ಹಾಗೆ ಹೇಳಿದೆ. ಭಾಯಿ ಆಟೋದ ಕಂಬಿ ಹಿಡಿದುಕೊಂಡು ಹೊರಗೆ ನೋಡುತ್ತ ಕೂತರು.

ವಿಚಾರಣೆ ನಡೆಸಿದ ಅಧಿಕಾರಿ ನಲವತ್ತರ ಆಸುಪಾಸಿನ ಒಬ್ಬ ಗಂಡಸು, ಬಹಳ ಮರ್ಯಾದಸ್ಥ. ನಮ್ಮ ಏಜೆಂಟರು ಬೇರೊಂದು ಚೌಕದಲ್ಲಿದ್ದರು. ಮೊದಲನೆಯ ದಾಖಲೆಯ ಬಗ್ಗೆ ಹತ್ತು ನಿಮಿಷ ಮಾತಾಯಿತು. ಅಧಿಕಾರಿ ಒಪ್ಪಿದರು. ನಿಮ್ಮ ವಿಧಾನ ಬೇರೆ, ಚೆನ್ನಾಗಿದೆ ಎಂದು ಬಾಯಿಬಿಟ್ಟೇ ಹೇಳಿದರು. ಏಜೆಂಟರು ಅದನ್ನು ಕನ್ನಡದಲ್ಲಿ ಭಾಯಿಗೆ ತಿಳಿಸಿದಾಗ ಭಾಯಿ ಕ್ಯಾಮೆರಾಕ್ಕೆ ಕೈ ಎತ್ತಿ ಸಲಾಂ ಮಾಡಿದರು.

ಆಮೇಲೆ ಎರಡನೆಯ ದಾಖಲೆ ಪರದೆಯ ಮೇಲೆ ಬಂತು. ನನ್ನ ಹೆಸರು, ನನ್ನ ಕಾಲೇಜು, ಹೊಸದುರ್ಗದ ಆ ದಿನಾಂಕ. ಅಧಿಕಾರಿ ಕೊನೆಯ ಸಾಲಿನವರೆಗೂ ಓದಿದ್ದರು ಎಂದು ಕಾಣುತ್ತದೆ. ಅರ್ಜಿಯಲ್ಲಿ ಇಬ್ಬರ ಹೆಸರಿದೆ, ಪ್ರಬಂಧದಲ್ಲಿ ಒಬ್ಬರದೇ ಇದೆ, ಇನ್ನೊಬ್ಬ ಆವಿಷ್ಕಾರಕರ ಒಪ್ಪಿಗೆಯಿಂದ ಇದು ಪ್ರಕಟವಾಯಿತೇ ಎಂದು ಕೇಳಿದರು. ಮೊದಲು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು.

ಬಾಯಿ ತೆರೆಯಲು ನನಗೆ ಸಮಯವಿತ್ತು. ಯಾರೂ ನನ್ನನ್ನು ಅವಸರ ಮಾಡಲಿಲ್ಲ. ಏಜೆಂಟರು ತಮ್ಮ ಚೌಕದಲ್ಲಿ ಕಣ್ಣು ತಗ್ಗಿಸಿದ್ದರು. ನಾನು ಮೇಜಿನ ಮೇಲಿದ್ದ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಿದ್ದೆ. ಅಧಿಕಾರಿ ಸ್ವಲ್ಪ ಕಾದು, ಅದೇ ಪ್ರಶ್ನೆಯನ್ನು ಹಿಂದಿಯಲ್ಲಿ ಭಾಯಿಯನ್ನು ಕೇಳಿದರು.

“ಮೇರಿ ಮರ್ಜಿ ಥೀ ಸಾಬ್,” ಎಂದರು ಭಾಯಿ. ನನ್ನ ಒಪ್ಪಿಗೆ ಇತ್ತು. ಹೆಸರು ಬೇಡ ಎಂದು ನಾನೇ ಹೇಳಿದ್ದೆ, ಎಂದೂ ಸೇರಿಸಿದರು.

ಅಧಿಕಾರಿ ಅದನ್ನು ಬರೆದುಕೊಂಡರು. ಇಬ್ಬರಿಗೂ ವಂದನೆ ಹೇಳಿದರು. ಪರದೆ ಕಪ್ಪಾಯಿತು.

ಕಾಲೇಜಿನ ಗೇಟಿನವರೆಗೂ ಭಾಯಿಯ ಜೊತೆ ನಡೆದೆ. ಅಂಗಡಿಗೆ ಬಿಡುತ್ತೇನೆ ಎಂದೆ. ಬೇಡ, ನಡೆದುಕೊಂಡು ಹೋಗುತ್ತೇನೆ ಎಂದರು. ಅವರಿಗೆ ಸಕ್ಕರೆ ಕಾಯಿಲೆ, ಬಿಸಿಲಿನಲ್ಲಿ ನಡೆಯಬಾರದಿತ್ತು. ನಾನು ಒತ್ತಾಯ ಮಾಡಲಿಲ್ಲ. ಅವರು ರಸ್ತೆ ದಾಟಿ ಹೋದದ್ದನ್ನು ನೋಡುತ್ತ ನಿಂತಾಗ ನನಗಾದದ್ದು ದುಃಖವಲ್ಲ. ಪಾರಾದೆ ಎಂಬ ಸಮಾಧಾನ. ಅದನ್ನು ಬರೆಯದೆ ಬಿಟ್ಟರೆ ಇದನ್ನೆಲ್ಲ ಬರೆದು ಪ್ರಯೋಜನವಿಲ್ಲ.

ತಿರಸ್ಕಾರದ ಆದೇಶ ಎರಡು ತಿಂಗಳ ಮೇಲೆ ಬಂತು. ವಿಧಾನ ಮೊದಲನೆಯ ದಾಖಲೆಗಿಂತ ಭಿನ್ನವೂ ಮುಂದುವರಿದದ್ದೂ ಆಗಿದೆ, ಆದರೆ ಎರಡನೆಯ ದಾಖಲೆ ಅದರ ಪ್ರತಿ ಹಂತವನ್ನೂ ಮೊದಲೇ ಬಹಿರಂಗ ಮಾಡಿದೆ, ಪ್ರಕಟಣೆಗೆ ತಮ್ಮ ಒಪ್ಪಿಗೆ ಇತ್ತೆಂದು ಎರಡನೆಯ ಆವಿಷ್ಕಾರಕರು ವಿಚಾರಣೆಯಲ್ಲಿ ಹೇಳಿದ್ದಾರೆ, ಆದ್ದರಿಂದ ಅರ್ಜಿ ತಿರಸ್ಕೃತ. ಮೇಲ್ಮನವಿಗೆ ಅವಕಾಶವಿತ್ತು. ಯಾವ ಮುಖ ಹೊತ್ತು ಮೇಲ್ಮನವಿ? ಆ ಗಡುವೂ ಕಳೆಯಿತು.

ಕಾಲೇಜಿಗೆ ಇದರಿಂದ ನಷ್ಟವೇನೂ ಆಗಲಿಲ್ಲ. ವಾರ್ಷಿಕ ವರದಿಯಲ್ಲಿ ಸಲ್ಲಿಸಿದ ಪೇಟೆಂಟುಗಳನ್ನು ಎಣಿಸುತ್ತಾರೆ, ಸಿಕ್ಕವನ್ನಲ್ಲ. ನನಗೆ ಬಡ್ತಿ ಸಿಕ್ಕಿತು. ಪ್ರಿನ್ಸಿಪಾಲರು ಸಭೆಯಲ್ಲಿ ಶಾಲು ಹೊದಿಸಿದರು.

ಆದೇಶದ ಪ್ರತಿ ಕೊಡಲು ಹೋದಾಗ ಭಾಯಿ ಅದನ್ನು ಓದಿಸಿಕೊಳ್ಳಲಿಲ್ಲ. “ಆತು ಬಿಡ್ರಿ,” ಎಂದು ಹಳೆಯ ಬಿಲ್ಲುಗಳ ಜೊತೆ ಇಟ್ಟರು. ಆಮೇಲೂ ಎರಡು ಮೂರು ಸಲ ಲ್ಯಾಬಿನ ಸಾಮಾನು ತೆಗೆದುಕೊಂಡು ಹೋದೆ. ಮಾಡಿಕೊಟ್ಟರು. ಬಿಚ್ಚಿದ್ದನ್ನು ತೋರಿಸಿ ಇಲ್ಲಿ ಹೀಗಾಗಿದೆ ನೋಡಿ ಎನ್ನುವುದನ್ನು ಮಾತ್ರ ಬಿಟ್ಟುಬಿಟ್ಟಿದ್ದರು. ಯಾವತ್ತು ಬರಬೇಕು ಎಂದಷ್ಟೇ ಹೇಳುತ್ತಿದ್ದರು. ಮುಂದಿನ ವರ್ಷ ಸಕ್ಕರೆ ಕಣ್ಣಿಗೆ ಇಳಿಯಿತು. ಸಣ್ಣ ಬೆಸುಗೆ ಕಾಣದಾಯಿತು. ಅಂಗಡಿಯನ್ನು ಮೊಬೈಲ್ ಕವರು ಮಾರುವವರಿಗೆ ಬಿಟ್ಟು ಹೊಳಲ್ಕೆರೆಗೆ, ಮಗಳ ಮನೆಗೆ ಹೋದರು. ಈ ಸುದ್ದಿ ನನಗೆ ತಿಳಿದದ್ದು ಕವರು ಮಾರುವವರಿಂದ.

ಹೊಳಲ್ಕೆರೆಗೆ ಹೋಗಲು ಧೈರ್ಯ ಬರುವಷ್ಟರಲ್ಲಿ ಮತ್ತೆ ಕೆಲವು ತಿಂಗಳು ಹೋದವು. ಕೆಲಸ ಹೋಗುತ್ತದೆ ಎಂದದ್ದು ಸುಳ್ಳು ಎಂದು ಅವರಿಗೆ ಹೇಳಿಬಿಡಬೇಕು ಎಂದು ಬಸ್ಸಿನುದ್ದಕ್ಕೂ ಅಂದುಕೊಂಡೆ. ಮಾತುಗಳನ್ನು ಜೋಡಿಸಿಕೊಂಡಿದ್ದೆ ಕೂಡ.

ಭಾಯಿ ಹಜಾರದಲ್ಲಿ ಮಂಚದ ಮೇಲೆ ಕೂತಿದ್ದರು. ಧ್ವನಿಯಿಂದ ಗುರುತು ಹಿಡಿದರು. ಮಗಳು ಟೀ, ಖಾರಾ ಮಂಡಕ್ಕಿ ತಂದಿಟ್ಟಳು.

“ಕೆಲ್ಸ ಹೆಂಗೈತೆ ಮೇಡಂ?”

“ಇದೆ ಭಾಯಿ.”

“ಬಡ್ತಿ ಆತಂತೆ?”

“ಆಯಿತು.”

“ಒಳ್ಳೇದಾತು.” ಅವರು ಮಂಡಕ್ಕಿ ತಟ್ಟೆಯನ್ನು ಕೈಯಿಂದ ಹುಡುಕಿ ನನ್ನ ಕಡೆ ತಳ್ಳಿದರು. “ತಿನ್ರಿ.”

ತಿಂದೆ. ಒಂದು ಗಂಟೆ ಕೂತಿದ್ದೆ. ಬಿಸಿಲು, ಕರೆಂಟು, ಮೊಮ್ಮಗಳ ಶಾಲೆ, ಎಲ್ಲ ಮಾತಾಡಿದೆವು. ಜೋಡಿಸಿಕೊಂಡು ಬಂದ ಮಾತು ನಾಲಿಗೆಗೆ ಬರಲಿಲ್ಲ.

ಬಸ್ ಸ್ಟ್ಯಾಂಡಿನವರೆಗೂ ಮಗಳು ನನ್ನ ಜೊತೆ ಬಂದಳು. ದಾರಿಯಲ್ಲಿ ಅವಳೇ ಮಾತು ತೆಗೆದಳು. ಅಪ್ಪ ಯಾಕೆ ಹಾಗೆ ಹೇಳಿದರು ಗೊತ್ತಾ ಎಂದು ಕೇಳಿದಳು.

“ನನ್ನನ್ನು ಉಳಿಸಲು,” ಎಂದೆ. ಅಷ್ಟು ದಿನವೂ ಹಾಗೆಯೇ ನಂಬಿದ್ದೆ. ಅವರ ದೊಡ್ಡತನ ಎಂದು ನೆನೆದು ಅತ್ತದ್ದೂ ಉಂಟು.

“ಅದೂ ಐತೆ ಮೇಡಂ. ಆದ್ರೆ ಮನೇಗೆ ಬಂದು ಬೇರೆ ಹೇಳಿದ್ರು. ಫೇಲಾದೋನು ನಾನು, ಪಕ್ಕದಾಗೆ ಪ್ರೊಫೆಸರ್ ಕುಂತವ್ರೆ, ಇದು ನಂದು ಅಂದ್ರೆ ಆ ಸಾಹೇಬ್ರು ನಂಬ್ತಾರಾ, ನಗ್ತಾರೆ ಅಂದ್ರು. ಮೇಡಂ ಮೊದ್ಲು ಹೇಳಿದ್ರೆ ಆಮೇಲೆ ಹೇಳಾಣ ಅಂತ ಕಾದ್ರಂತೆ. ನೀವು ಹೇಳ್ಲಿಲ್ಲ.”

ದುರ್ಗದ ಬಸ್ಸು ಬಂದು ನಿಂತಿತ್ತು. ಕಂಡಕ್ಟರ್ ಕೂಗುತ್ತಿದ್ದರು. ಅವಳು ನನ್ನ ಮುಖ ನೋಡದೆ ಕೇಳಿದಳು.

“ಒಂದು ಕೇಳ್ತೀನಿ, ಬೇಜಾರಾಗ್ಬೇಡ್ರಿ. ಹಂಗೆ ಬರ್ಕೊಟ್ಟಿದ್ರೆ ನಿಮ್ ಕೆಲ್ಸ ನಿಜವಾಗ್ಲೂ ಹೋಗ್ತಿತ್ತಾ?”

“ಇಲ್ಲ,” ಎಂದೆ.

“ನಂಗೂ ಹಂಗೇ ಅನ್ಸಿತ್ತು,” ಎಂದಳು. “ಅಪ್ಪಂಗೆ ನಾನು ಹೇಳಾದಿಲ್ಲ. ನೀವೂ ಹೇಳಬ್ಯಾಡ್ರಿ. ಒಬ್ರಿಗೆ ಉಪಕಾರ ಆತು ಅಂತಾನಾದ್ರೂ ಅಂದ್ಕಂಡಿರ್ಲಿ.”

ಬಸ್ಸು ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಅವಳು ಕೈ ಬೀಸದೆ, ಹಾಗೆಂದು ಬೆನ್ನೂ ತಿರುಗಿಸದೆ, ಬಸ್ಸು ಹೊರಡುವ ತನಕ ನಿಂತಿದ್ದಳು. ಮತ್ತೆ ನಾನು ಹೊಳಲ್ಕೆರೆಗೆ ಹೋಗಿಲ್ಲ.